ಬಿಡ್ತು ಅನ್ನಬೇಡಿ

ಕಾಪೆಲ್, ಡಾಲಸ್
11 ಫೆಬ್ರವರಿ 2008

ಶಾಂತವ್ವನವರಿಗೆ ಲಲಿತಮ್ಮ ಮಾಡುವ ನಮಸ್ಕಾರಗಳು.

ನನ್ನ ನೆನಪಿದೆಯಲ್ಲ? ಹೋದ ಗುರುವಾರ ಹ್ಯೂಸ್ಟನ್ನಿನ ನಿಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಅಳಿಯನ ಜಾಕೆಟ್ಟು ಹೊದ್ದು ನಡುಗುತ್ತ ಕೂತಿದ್ದ ಮುದುಕಿ ನಾನು. ನನ್ನ ಕುಂಕುಮ ನೋಡಿ, ನರ್ಸ್ ಬಟ್ಟೆಯಲ್ಲಿದ್ದ ನೀವು "ಯಾವೂರ್ರಿ ಅಮ್ಮಾರ?" ಎಂದಿರಿ. ಆ ಫಿನೈಲಿನ ವಾಸನೆಯ ನಡುವೆ ಗದಗಿನ ಕನ್ನಡ ಕೇಳಿ ನನಗೆ ಅಳುವೇ ಬಂತು, ಮೈಸೂರು ಎನ್ನಲಿಕ್ಕೂ ಬಾಯಿ ಬರಲಿಲ್ಲ. ಚಟ್ನಿಪುಡಿ ಕಳಿಸುತ್ತೇನೆಂದು ವಿಳಾಸ ಕೇಳಿದ್ದು ಸುಳ್ಳಲ್ಲ. ಪೊಟ್ಟಣ ಇದರ ಜೊತೆಗೇ ಇದೆ. ಖಾರ ನಿಮ್ಮ ಕಡೆಯವರಿಗೆ ಸಾಲದು, ಹೊಂದಿಸಿಕೊಳ್ಳಿ.

ಫೋನ್ ಮಾಡಬಹುದಿತ್ತು. ಆದರೆ ಇಲ್ಲಿನ ಮನೆಗಳ ಗೋಡೆ ರಟ್ಟಿನವು. ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಮೇಲಿನ ಕೋಣೆಯಲ್ಲಿ ಮಲಗಿರುವ ಮಗಳು ಮಹತಿಗೆ ಕೇಳಿಸುತ್ತದೆ. ಸ್ಕೂಲ್ ಮೇಡಂ ಆಗಿದ್ದವಳು ನಾನು, ಬರೆಯುವುದೇ ಸಲೀಸು.

ವಿಷಯ ಏನೆಂದರೆ, ನನ್ನ ಮಗಳು ನಕ್ಕಳು! ಶನಿವಾರ ಬೆಳಿಗ್ಗೆ ಒಗ್ಗರಣೆ ಹಾಕುತ್ತಿದ್ದೆ. ಮೆಟ್ಟಿಲಿಳಿದು ಬಂದವಳು "ಅಮ್ಮಾ, ಇಂಗಿನ ಘಮ ಬರ್ತಿದೆ" ಎಂದು ನಕ್ಕಳು. ಒಂದು ವರ್ಷದಿಂದ ಅವಳಿಗೆ ವಾಸನೆಯೂ ಇರಲಿಲ್ಲ, ರುಚಿಯೂ ಇರಲಿಲ್ಲ. ಕಲಸಿ ಕೈಗಿಟ್ಟ ತುತ್ತು ಕೈಯಲ್ಲೇ ಒಣಗುತ್ತಿತ್ತು. ಅವತ್ತು ಎರಡು ಸಲ ಹುಳಿ ಹಾಕಿಸಿಕೊಂಡಳು, ಹಪ್ಪಳ ಇಲ್ವಾ ಎಂದು ಜಗಳವಾಡಿದಳು. ಅಳಿಯ ಅನಿರುದ್ಧ್ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ನನಗೆ ಕೇಳಿಸಲಿಲ್ಲ ಎಂದುಕೊಂಡಿದ್ದಾನೆ, ಪಾಪ.

ಕೆಟಮಿನ್ ಅಂತೆ ಆ ಔಷಧ, ಆಪರೇಷನ್ನಿಗೆ ಮೊದಲು ಪ್ರಜ್ಞೆ ತಪ್ಪಿಸಲು ಕೊಡುವುದಂತೆ, ಸ್ವಲ್ಪವೇ ಕೊಟ್ಟರೆ ಮನಸ್ಸು ಮೈ ಬಿಟ್ಟು ಎಲ್ಲೋ ಹೋಗಿ ಬರುತ್ತದಂತೆ. ಇದಿನ್ನೂ ಪ್ರಯೋಗವಂತೆ, ಎರಡು ಸಲ ಕೂರಿಸುತ್ತಾರೆ, ಒಂದು ಸಲ ಔಷಧ, ಇನ್ನೊಂದು ಸಲ ಬರೀ ಉಪ್ಪುನೀರು, ಯಾವುದು ಯಾವಾಗ ಎಂದು ಯಾರಿಗೂ ತಿಳಿಸುವುದಿಲ್ಲ ಎಂದ ಅಳಿಯ. ತಿಳಿಸುವುದೇನು ಬಂತು! ನನಗೆ ಗೊತ್ತಾಯಿತಲ್ಲ.

ಮಹತಿಗೆ ಹೀಗೇಕಾಯಿತು ಎಂದು ಬರೆಯುವುದಿಲ್ಲ. ಆದದ್ದಾಯಿತು, ಕೆದಕಬಾರದು. ಒಂದೇ ಕೇಳುತ್ತೇನೆ. ಆ ಕೋಣೆಯಲ್ಲಿ ಅವಳು ಏನಾದರೂ ಅಂದಳೇ? ಅಮ್ಮಾ ಅಂದಳೇ?

ನಿಮಗೆ ಮಕ್ಕಳೆಷ್ಟು? ಯಜಮಾನರು ಏನು ಮಾಡುತ್ತಾರೆ? ಬರೆಯಿರಿ.

ಲಲಿತಮ್ಮ


ಹ್ಯೂಸ್ಟನ್
18 ಫೆಬ್ರವರಿ 2008

ಲಲಿತಮ್ಮನವರಿಗೆ ಶರಣು.

ಚಟ್ನಿಪುಡಿ ಬಂತ್ರಿ. ಖಾರ ಸಾಲಲಿಲ್ಲ, ಆದರೆ ಡಬ್ಬಿ ಆಗಲೇ ಅರ್ಧ ಆಗಿದೆ. ನನ್ನನ್ನು ಬಹುವಚನದಲ್ಲಿ ಕರೆಯಬೇಡ್ರಿ, ನಿಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು ಅಷ್ಟೇ.

ಮಹತಿ ಉಂಡಳು ಎಂದು ಓದಿ ಸಂತೋಷವಾಯಿತು. ಆದರೆ ಅಮ್ಮಾರ, ಬೆಲ್ಲದಂಥ ದಿನ ನಾಲ್ಕು ಬಂದ ಮೇಲೆ ಮತ್ತೆ ಕಹಿ ದಿನ ಬಂದರೆ ಎದೆ ಒಡೆದುಕೊಳ್ಳಬೇಡ್ರಿ. ಎಷ್ಟೋ ಜನಕ್ಕೆ ಹಾಗಾಗುತ್ತದೆ.

ನಾನು ಒಳಗೆ ಏನು ಮಾಡುತ್ತೇನೆ ಎಂದು ಹೇಳಬಲ್ಲೆ. ಸೂಜಿ ಹಾಕುತ್ತೇನೆ, ಬಿ.ಪಿ. ಪಟ್ಟಿ ತೋಳು ಬಿಗಿಯುತ್ತದೆ, ಅಂಜಬೇಡ ಎಂದು ಮೊದಲೇ ಹೇಳಿಟ್ಟಿರುತ್ತೇನೆ. ಡಾಕ್ಟರು ಗಾಜಿನ ಆಚೆ ಇರುತ್ತಾರೆ, ನಾನು ಮಂಚದ ಪಕ್ಕದ ಕುರ್ಚಿಯಲ್ಲಿ. ಔಷಧ ಶುರುವಾಗುವ ಮೊದಲೇ ಒಂದು ಮಾತು ಕೇಳಿಕೊಂಡಿರಬೇಕು, ನೀ ಕೈ ಚಾಚಿದರೆ ಹಿಡಿಯಲೋ ಬೇಡವೋ ಎಂದು. ಆಮೇಲೆ ಕೇಳಿದರೆ ಅವರು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರು ಹೆದರಿದರೆ ನಾನು ಹೆದರಬಾರದು. ಅತ್ತರೆ ಸಮಾಧಾನ ಹೇಳಬಾರದು. ಏನಂದರೂ ಹೌದು ಅಲ್ಲ ಅನ್ನಬಾರದು. ಇದ್ದೀನಿ ಎಂದಷ್ಟೇ ಅನ್ನಬೇಕು. ಮೊದಲ ವರ್ಷ ಇದೂ ಒಂದು ಕೆಲಸವೇ ಎಂದು ನನಗೇ ನಗು ಬರುತ್ತಿತ್ತು.

ಅವಳು ಏನಂದಳು ಎಂಬುದನ್ನು ಹೇಳುವ ಹಕ್ಕು ನನಗಿಲ್ಲ. ಅದು ಅವಳ ಗಂಟು. ಸಿಟ್ಟಾಗಬೇಡ್ರಿ.

ಗುರುವಾರ ಎರಡನೆಯ ಸಲ ಬರುತ್ತೀರಲ್ಲ, ಕಾರಿಡಾರಿನಲ್ಲಿ ಎ.ಸಿ.ಯ ಬಾಯಿಯ ಕೆಳಗೆ ಕೂಡಬೇಡ್ರಿ. ಎಡಗಡೆಯ ಕುರ್ಚಿ ಬೆಚ್ಚಗಿದೆ.

ಶಾಂತವ್ವ


ಕಾಪೆಲ್
3 ಮಾರ್ಚ್ 2008

ಶಾಂತವ್ವ,

ನೀನು ಹೇಳಿದ ಎಡಗಡೆಯ ಕುರ್ಚಿಯಲ್ಲೇ ಕೂತಿದ್ದೆ. ಅದು ಬಾಗಿಲಿಗೆ ಹತ್ತಿರ. ಎಲ್ಲವೂ ಕೇಳಿಸಿತು.

ನನ್ನ ಮಗಳು ಒಳಗೆ ಹಾಗೆ ಅಳುತ್ತಿದ್ದರೆ ನೀನು ಒಂದು ಮಾತು ಆಡಲಿಲ್ಲ. ಸುಮ್ಮನಿರು ಪುಟ್ಟಾ ಅನ್ನಲಿಲ್ಲ, ನೀರು ಕುಡಿ ಅನ್ನಲಿಲ್ಲ. ಕಲ್ಲು ಕೂತ ಹಾಗೆ ಕೂತಿದ್ದೆ ಅಂತ ಕಾಣುತ್ತದೆ. ನಾನು ಎದ್ದು ಬಾಗಿಲು ತಟ್ಟಲು ಹೋದರೆ ಅನಿರುದ್ಧ್ ನನ್ನ ಕೈ ಹಿಡಿದು ಕೂರಿಸಿದ. ಹ್ಯೂಸ್ಟನ್ನಿನಿಂದ ಕಾಪೆಲ್‌ವರೆಗೂ ಅವಳು ಕಿಟಕಿಗೆ ಹಣೆ ಒತ್ತಿಕೊಂಡು ಅತ್ತಳು. ಮನೆಗೆ ಬಂದು ಮಲಗಿದವಳು ಮತ್ತೆ ಎದ್ದಿಲ್ಲ ಅಂತಲೇ ಹೇಳಬೇಕು. ಹುಳಿಯೂ ಬೇಡ, ಇಂಗೂ ಬೇಡ.

ಈಗ ನನಗೆ ಅರ್ಥವಾಯಿತು. ಮೊದಲ ಸಲ ಹಾಕಿದ್ದೇ ಉಪ್ಪುನೀರು. ದೇವರ ದಯೆಯಿಂದ ತಾನಾಗಿ ಚೇತರಿಸಿಕೊಳ್ಳುತ್ತಿದ್ದಳು. ನಿಮ್ಮ ಔಷಧ ಒಳಗೆ ಹೋದದ್ದು ಈ ಸಲ. ಆರಿದ ಕೆಂಡವನ್ನು ಊದಿ ಉರಿಸಿದಿರಿ.

ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತೇನೆ. ಹೋದ ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಮಹತಿಗೆ ಹೆಣ್ಣುಮಗು ಆಯಿತು. ಬಾಣಂತನಕ್ಕೆಂದೇ ಬಂದಿದ್ದೆ. ಹನ್ನೊಂದನೆಯ ದಿನ ಹೆಸರಿಡಬೇಕು ಎಂದು ಬೆಳ್ಳಿ ಒಳಲೆ, ಹಸಿರು ಬಳೆ ಎಲ್ಲಾ ತಂದಿದ್ದೆ. ಮಗು ಒಂಬತ್ತು ದಿನ ಇತ್ತು. ಗಾಜಿನ ಪೆಟ್ಟಿಗೆಯಲ್ಲೇ ಇತ್ತು, ಅಲ್ಲಿಂದಲೇ ಹೋಯಿತು. ಹೆಸರಿಲ್ಲದ ಮಗುವಿಗೆ ಕರ್ಮ ಇಲ್ಲ, ಸೂತಕ ಇಲ್ಲ, ಮರೆತುಬಿಡಬೇಕು. ನಮ್ಮ ಹಿರಿಯರು ಹಾಗೇ ಮಾಡಿಕೊಂಡು ಬಂದರು, ಬದುಕಿದರು. ನಾನು ಅವಳಿಗೆ ಅದನ್ನೇ ಹೇಳಿದೆ. ಅವಳ ಎದುರು ಆ ಮಾತು ಎತ್ತದ ಹಾಗೆ ಎಲ್ಲರ ಬಾಯಿ ಕಟ್ಟಿದೆ. ಬಳೆ, ಒಳಲೆ ಮೈಸೂರಿಗೆ ವಾಪಸ್ ತೆಗೆದುಕೊಂಡು ಹೋದೆ, ಕಣ್ಣಿಗೆ ಬೀಳಬಾರದು ಎಂದು. ಇಷ್ಟು ಜೋಪಾನ ಮಾಡಿದ್ದನ್ನು ನೀವು ನಲವತ್ತು ನಿಮಿಷದಲ್ಲಿ ಕೆಡವಿದಿರಿ.

ಹೆತ್ತವರಿಗೆ ಗೊತ್ತು ಹೆರಿಗೆಯ ನೋವು. ನಿನಗೆ ಮಕ್ಕಳೆಷ್ಟು ಎಂದು ಕೇಳಿದ್ದೆ, ನೀನು ಬರೆಯಲಿಲ್ಲ. ಇದ್ದಿದ್ದರೆ ಹಾಗೆ ಕೂತಿರುತ್ತಿರಲಿಲ್ಲ.

ಲಲಿತಮ್ಮ


ಹ್ಯೂಸ್ಟನ್
10 ಮಾರ್ಚ್ 2008

ಅಮ್ಮಾರಿಗೆ ಶರಣು.

ನಿಮ್ಮ ಪತ್ರ ಓದಿದೆ. ಬೈದದ್ದಕ್ಕೆ ಬೇಜಾರಿಲ್ಲ, ಬೈಯಲಿಕ್ಕಾದರೂ ಒಬ್ಬರು ಬೇಕಲ್ಲ ನಿಮಗೆ.

ನಾನು ಸುಮ್ಮನೆ ಕೂತಿದ್ದು ನಿಜ. ಕಣ್ಣೀರು ಒರೆಸಿದರೆ ಸಾಕು ಮಾಡು ಎಂದ ಹಾಗೆ ಆಗುತ್ತದೆ. ಅವಳು ಸಾಕು ಮಾಡುವುದು ನನಗೆ ಬೇಕಿರಲಿಲ್ಲ. ಮೊದಲ ಸಲ ಕೈ ಹಿಡಿಯಬೇಡ ಎಂದಿದ್ದಳು. ಈ ಸಲ ತಾನೇ ಹಿಡಿ ಎಂದು ಮೊದಲೇ ಹೇಳಿದಳು. ಹಿಡಿದಿದ್ದೆ ಅಮ್ಮಾರ, ಬಾಗಿಲಿನ ಆಚೆ ಅದು ಕೇಳಿಸುವುದಿಲ್ಲ. ಇಷ್ಟು ಬರೆಯಲು ಮಹತಿಯ ಒಪ್ಪಿಗೆ ಕೇಳಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಒಂದು ಮಾತು ನಡೆಸಿಕೊಡ್ರಿ. ಅವಳು ಸಾಯುವ ಮಾತು ಆಡಿದರೆ ಆ ಕ್ಷಣವೇ ಫೋನ್ ಮಾಡ್ರಿ. ಎರಡು ನಂಬರು ಕೆಳಗಿವೆ, ಮೊದಲನೆಯದು ಡಾಕ್ಟರದು, ಎರಡನೆಯದು ನನ್ನದು. ಫ್ರಿಜ್ಜಿನ ಮೇಲೆ ಅಂಟಿಸ್ರಿ.

ಶಾಂತವ್ವ


ಹ್ಯೂಸ್ಟನ್
2 ಏಪ್ರಿಲ್ 2008

ಅಮ್ಮಾರಿಗೆ,

ಉತ್ತರ ಬರಲಿಲ್ಲ. ಆಸ್ಪತ್ರೆಯಿಂದ ಮಾಡುವ ಫೋನಿಗೆ ಮಹತಿ "ಐ ಆಮ್ ಫೈನ್" ಎಂದಷ್ಟೇ ಹೇಳುತ್ತಾಳೆ. ಸಿಟ್ಟಿದ್ದರೆ ಇರಲಿ, ಒಂದು ಸಾಲು ಬರೆಯಿರಿ.

ಶಾಂತವ್ವ


ಕಾಪೆಲ್
21 ಏಪ್ರಿಲ್ 2008

ಪ್ರೀತಿಯ ಶಾಂತವ್ವನಿಗೆ ಆಶೀರ್ವಾದಗಳು.

ಹೋದ ಸಲ ನಾಲಿಗೆ ಹರಿಯಬಿಟ್ಟೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಯುಗಾದಿ ಆಯಿತು. ಬೇವು ಇಲ್ಲಿ ಎಲ್ಲಿ ಸಿಗಬೇಕು? ಫ್ರಿಸ್ಕೋದಲ್ಲಿ ಯಾರೋ ಕುಂಡದಲ್ಲಿ ಬೆಳೆಸಿದ್ದಾರೆಂದು ಅನಿರುದ್ಧ್ ಹೋಗಿ ನಾಲ್ಕು ಎಲೆ ತಂದ. ಹೋಳಿಗೆ ಮಾಡಿದೆ. ಮಹತಿ ಸ್ನಾನ ಮಾಡಿ ಸೀರೆ ಉಟ್ಟು ಕೂತಳು, ಅರ್ಧ ಹೋಳಿಗೆ ತಿಂದಳು. ಈಗ ಅಳುವುದೂ ಇಲ್ಲ. ತನ್ನ ಬಟ್ಟೆಗಳನ್ನೆಲ್ಲ ಮಡಿಸಿ ಕಪಾಟು ಓರಣ ಮಾಡಿದ್ದಾಳೆ, ತನ್ನ ಒಳ್ಳೊಳ್ಳೆಯ ಸೀರೆ ಎರಡನ್ನು ಪಕ್ಕದ ಬೀದಿಯ ಕುಮುದಾಗೆ ಕೊಟ್ಟಳು. ಮನಸ್ಸು ಹದಕ್ಕೆ ಬರುತ್ತಿದೆ ಎಂದು ನನಗೆ ಸಮಾಧಾನ.

ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ಹೇಳಿದರೆ ನೀನು ದೊಡ್ಡದು ಮಾಡುತ್ತೀ ಎಂದೇ ಬರೆದಿರಲಿಲ್ಲ. ಹೋದ ಮಂಗಳವಾರ ಮಧ್ಯಾಹ್ನ ಮಲಗಿ ಎದ್ದರೆ ಮಹತಿ ಮನೆಯಲ್ಲಿಲ್ಲ. ಹುಡುಕಿ ಹುಡುಕಿ ಗ್ಯಾರೇಜಿನ ಬಾಗಿಲು ತೆಗೆದರೆ, ಕತ್ತಲಲ್ಲಿ ಕಾರಿನೊಳಗೆ ಕೂತಿದ್ದಾಳೆ. ಬೀಗದಕೈ ಅಂಗೈಯಲ್ಲಿದೆ. "ಏನೇ ಇದು, ಎಲ್ಲಿಗೆ ಹೊರಟೆ?" ಎಂದೆ. "ನಾನೂ ಅವಳ ಹತ್ರ ಹೋಗ್ಬಿಡ್ತೀನಮ್ಮಾ" ಎಂದಳು. "ಥೂ, ಬಿಡ್ತು ಅನ್ನು! ತಥಾಸ್ತು ದೇವತೆಗಳು ಓಡಾಡ್ತಿರೋ ಹೊತ್ತು, ಮೊದಲು ಬಿಡ್ತು ಅನ್ನು!" ಎಂದು ಕೂಗಿದೆ. ಒಳ್ಳೆಯ ಹುಡುಗಿ, ಚಿಕ್ಕಂದಿನಿಂದಲೂ ಮಾತು ಮೀರಿದವಳಲ್ಲ. "ಬಿಡ್ತು" ಎಂದಳು. ಕೈ ಹಿಡಿದು ಒಳಗೆ ಕರೆತಂದು ಕಾಫಿ ಕೊಟ್ಟೆ, ದೃಷ್ಟಿ ನಿವಾಳಿಸಿ ಹಾಕಿದೆ. ಅಂದಿನಿಂದ ಆ ಮಾತು ಬಂದಿಲ್ಲ. ಅಳಿಯನಿಗೂ ಹೇಳಿಲ್ಲ, ಸುಮ್ಮನೆ ಗಾಬರಿಯಾಗುತ್ತಾನೆ.

ಜೂನ್ ಎಂಟಕ್ಕೆ ನನ್ನ ವೀಸಾ ಮುಗಿಯುತ್ತದೆ. ಮೈಸೂರಿನಲ್ಲಿ ಯಜಮಾನರು ಹೋಟೆಲ್ ಊಟ ಮಾಡಿ ಹೊಟ್ಟೆ ಕೆಡಿಸಿಕೊಂಡಿದ್ದಾರೆ. ಅಷ್ಟರೊಳಗೆ ಇವಳು ಪೂರ್ತಿ ಸರಿಹೋಗಲಿ ಎಂದು ಚಾಮುಂಡಿಗೆ ಹರಸಿಕೊಂಡಿದ್ದೇನೆ.

ನಿನ್ನ ಮಕ್ಕಳಿಗೂ ಹೋಳಿಗೆ ಕಳಿಸುತ್ತಿದ್ದೆ, ಕೆಟ್ಟುಹೋಗುತ್ತದೆಂದು ಸುಮ್ಮನಾದೆ.

ಲಲಿತಮ್ಮ


ಹ್ಯೂಸ್ಟನ್
29 ಏಪ್ರಿಲ್ 2008

ಅಮ್ಮಾರಿಗೆ ಶರಣು.

ನಿಮ್ಮ ಪತ್ರವನ್ನು ಅಂಚೆಪೆಟ್ಟಿಗೆಯ ಮುಂದೆ ನಿಂತೇ ಓದಿದೆ. ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇದೆ. ನಾನು ಡಾಕ್ಟರಿಗೆ ಹೇಳಿ, ಆಫೀಸಿನಲ್ಲಿದ್ದ ಅನಿರುದ್ಧ್‌ಗೆ ಫೋನ್ ಮಾಡಿ, ಅವರು ಮನೆಗೆ ಓಡಿಬಂದು ಮಹತಿಯನ್ನು ಡಾಲಸ್ಸಿನ ಆಸ್ಪತ್ರೆಗೆ ಸೇರಿಸಿದ್ದು. ನೀವು ಫೋನಿನಲ್ಲಿ "ಮನೆ ಮಾನ ಬೀದಿಗೆ ತಂದೆಯಲ್ಲೇ" ಎಂದಿರಿ. ಅನ್ನಿರಿ. ಬಟ್ಟೆ ಮಡಿಸಿದ್ದು, ಸೀರೆ ಕೊಟ್ಟದ್ದು ಮನಸ್ಸು ಹದಕ್ಕೆ ಬಂದದ್ದಲ್ಲ ಅಮ್ಮಾರ. ಹೊರಡುವವರು ಹಾಗೆ ಮಾಡುತ್ತಾರೆ.

ಬಿಡ್ತು ಅನ್ನುವುದು ನನಗೆ ಹೊಸದಲ್ಲ. ನಮ್ಮವ್ವನೂ ಅನಿಸುತ್ತಿದ್ದಳು. ಕೆಟ್ಟ ಮಾತು ಬಾಯಿಂದ ಬಂದರೆ ಮೇಲಿನವರು ಅಸ್ತು ಅನ್ನುವ ಮೊದಲು ಅಳಿಸಿಬಿಡಬೇಕು. ಮಕ್ಕಳ ಮೇಲಿನ ಅಂಜಿಕೆಗೆ ಹುಟ್ಟಿದ ಮಾತು ಅದು, ತಪ್ಪು ಎಂದು ಹೇಗೆ ಹೇಳಲಿ? ಆದರೆ ಮಹತಿ ಬಿಡ್ತು ಎಂದಳೇ ಹೊರತು ಅದು ಅವಳನ್ನು ಬಿಡಲಿಲ್ಲ. ಈ ಮಾತಿಗೆ ಮನೆಯೊಳಗೆ ಜಾಗವಿಲ್ಲ ಎಂದು ಗೊತ್ತಾದರೆ ಅದು ಹೋಗಿ ಗ್ಯಾರೇಜಿನಲ್ಲಿ ಕೂಡುತ್ತದೆ.

ಇನ್ನೊಂದು ವಿಷಯ. ಈಗ ಯಾವ ಚಿಕಿತ್ಸೆ ಕೊಡಬೇಕೆಂದು ತೀರ್ಮಾನಿಸಲು ಯಾವ ಸಲ ಏನು ಹಾಕಿದ್ದೆಂದು ಬರೆದು ಮುಚ್ಚಿಟ್ಟಿದ್ದ ಮಹತಿಯ ಲಕೋಟೆಯನ್ನು ಡಾಕ್ಟರು ತೆರೆಸಿದರು. ಮೊದಲ ಸಲ ಹೋದದ್ದೇ ಔಷಧ. ಇಂಗಿನ ಘಮ ತಂದುಕೊಟ್ಟದ್ದು ಅದೇ, ಅದರ ಪುಣ್ಯ ಅದಕ್ಕೆ ಸಲ್ಲಲಿ, ಆದರೆ ನಾಲ್ಕು ದಿನಕ್ಕೆ ಅದು ಇಳಿಯಿತು. ಎರಡನೆಯ ಸಲ, ನೀವು ಬಾಗಿಲ ಹೊರಗೆ ಅಳು ಕೇಳಿದ ದಿನ, ಅವಳ ಮೈಗೆ ಹೋದದ್ದು ಬರೀ ಉಪ್ಪುನೀರು.

ಉಪ್ಪುನೀರಿಗೆ ಬಾಯಿ ಬಿಡಿಸುವ ಶಕ್ತಿ ಎಲ್ಲಿಂದ ಬರಬೇಕು? ಅಳುವುದಕ್ಕೆ ಒಂದು ಕೋಣೆ ಇತ್ತು, ಬಿಡ್ತು ಅನ್ನದ ಒಬ್ಬಳು ಪಕ್ಕದಲ್ಲಿ ಇದ್ದಳು, ಅಷ್ಟೇ. ಇದನ್ನು ನಿಮಗೆ ತಿಳಿಸಲು ಮಹತಿ ಒಪ್ಪಿದ್ದಾಳೆ. ಅವತ್ತು ಏನು ಹೇಳಿದಳೆಂದು ಮಾತ್ರ ನಾನು ಹೇಳುವುದಿಲ್ಲ. ನೀವೇ ಕೇಳ್ರಿ. ಕೇಳ್ರಿ ಅಂದರೆ ಪ್ರಶ್ನೆ ಮಾಡ್ರಿ ಅಂತಲ್ಲ. ಅವಳು ಮನೆಗೆ ಬಂದ ಮೇಲೆ ಪಕ್ಕದಲ್ಲಿ ಕೂಡ್ರಿ. ಕೈಯಲ್ಲಿ ಅವರೆಕಾಯಿ, ಹೂವು, ಜಪಸರ ಏನೂ ಇಟ್ಟುಕೊಳ್ಳಬೇಡ್ರಿ. ಮತ್ತೆ ಆ ಮಾತು ಬಂದರೆ ಕೇಳ್ರಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡ್ರಿ. ಎರಡೂ ಮಾಡ್ರಿ.

ಇಲ್ಲಿನ ಕೆಲಸ ಮುಗಿಯಿತು. ಮುಂದಿನ ತಿಂಗಳು ಆಸ್ಟಿನ್ನಿಗೆ ಶಿಫ್ಟ್ ಆಗುತ್ತೇನೆ. ಹೊಸ ವಿಳಾಸ ಹಿಂದೆ ಬರೆದಿದ್ದೇನೆ.

ಶಾಂತವ್ವ


ಕಾಪೆಲ್
4 ಜೂನ್ 2008

ನನ್ನ ಶಾಂತವ್ವನಿಗೆ,

ಒಂದು ತಿಂಗಳು ನಿನಗೆ ಬರೆಯಬಾರದು ಎಂದೇ ಇದ್ದೆ. ನಿನ್ನ ಪತ್ರ ಹರಿದೂ ಹಾಕಿದ್ದೆ. ಹರಿದ ಮೇಲೆ ಜೋಡಿಸಿಕೊಂಡು ಮತ್ತೆ ಓದಿದೆ, ನನ್ನ ಹಣೆಬರಹ.

ಮಹತಿ ಆಸ್ಪತ್ರೆಯಿಂದ ಬಂದಿದ್ದಾಳೆ. ವಾಸಿಯಾಗಿಲ್ಲ. ಹೊಸ ಮಾತ್ರೆ ನಡೆಯುತ್ತಿದೆ, ಕಾರಿನ ಬೀಗದಕೈ ಅನಿರುದ್ಧ್ ಜೇಬಿನಲ್ಲಿರುತ್ತದೆ. ಭಾನುವಾರ ಅವನು ತರಕಾರಿಗೆ ಹೋಗಿದ್ದ. ನಾನು ಅವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ, ಬರಿಗೈಯಲ್ಲಿ. ಕೈಗೆ ಏನೂ ಕೆಲಸವಿಲ್ಲದೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ ಕಣೆ. ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಒಂದಾದ ಮೇಲೊಂದು ತಲೆಯ ಮೇಲೆ ಹೋಗುತ್ತಿದ್ದವು. ತುಂಬಾ ಹೊತ್ತಿನ ಮೇಲೆ ಅವಳು "ಅಮ್ಮಾ, ಇನ್ನೂ ಒಂದೊಂದ್ಸಲ ಬದುಕೋದೇ ಬೇಡ ಅನ್ಸತ್ತೆ" ಎಂದಳು.

ಬಿಡ್ತು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಈಗ ಅನ್ನುತ್ತಾಳೆ ಎಂದು ಕಾಯುತ್ತಿದ್ದಳು. ನಾನು ಅನ್ನಲಿಲ್ಲ. "ಇದ್ದೀನಿ ಕಣೆ" ಎಂದೆ, ನೀನು ಬರೆದಿದ್ದೆಯಲ್ಲ ಹಾಗೆ.

ಆಮೇಲೆ ಹೇಳಿದಳು. ಒಂಬತ್ತನೆಯ ದಿನ ಡಾಕ್ಟರು ಇನ್ನು ಆಗದು ಎಂದಾಗ ಅವಳಿಗೆ ಗೊತ್ತಾಯಿತಂತೆ, ಹನ್ನೊಂದನೆಯ ದಿನ ಬರುವುದಿಲ್ಲ ಎಂದು. ಗಾಜಿನ ಪೆಟ್ಟಿಗೆಯ ರಂಧ್ರಕ್ಕೆ ಬಾಯಿಟ್ಟು ಮಗುವಿನ ಹೆಸರನ್ನು ಮೂರು ಸಲ ತಾನೇ ಹೇಳಿದಳಂತೆ. ಶಾಸ್ತ್ರದಲ್ಲಿ ಕಿವಿಯಲ್ಲಿ ಹೇಳುತ್ತೇವಲ್ಲ, ಹಾಗೆ. ಅಂದು ಮನೆಗೆ ಬಂದು "ಅಮ್ಮಾ, ನಾನು ಪಾಪೂಗೆ ಹೆಸರಿಟ್ಟೆ" ಎಂದು ನನ್ನ ಹತ್ತಿರ ಹೇಳಲು ಬಾಯಿ ತೆರೆದರೆ ನಾನು ತಡೆದೆನಂತೆ. ಹೋದ ಮಗುವಿಗೆ ಹೆಸರು ಹೇಳಬಾರದು, ಮುಂದಿನದಕ್ಕೆ ಆಗಿಬರುವುದಿಲ್ಲ, ಬಿಡ್ತು ಅನ್ನು ಎಂದೆನಂತೆ. ನನಗೆ ಅದು ನೆನಪೇ ಇಲ್ಲ ಶಾಂತವ್ವ. ದಿನಕ್ಕೆ ನೂರು ಸಲ ಅನ್ನುವ ಮಾತು, ಯಾವುದೆಂದು ನೆನಪಿಟ್ಟುಕೊಳ್ಳಲಿ? ಅವಳು ಬಿಡ್ತು ಎಂದಳಂತೆ. ಆಮೇಲೆ ಒಂದೂವರೆ ವರ್ಷ ಆ ಹೆಸರನ್ನು ಯಾರ ಮುಂದೆಯೂ ಉಚ್ಚರಿಸಲಿಲ್ಲವಂತೆ, ಗಂಡನ ಮುಂದೆಯೂ ಇಲ್ಲ. ಮೊದಲ ಸಲ ಹೇಳಿದ್ದು ನಿನ್ನ ಕೋಣೆಯಲ್ಲಿ.

ನನಗೂ ಹೇಳಿದಳು. ಏನು ಚೆಂದದ ಹೆಸರು! ನಿನಗೆ ಗೊತ್ತೇ ಇದೆ, ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಅತ್ತೆವು. ನಾನು ಅವಳ ಕಣ್ಣೂ ಒರೆಸಲಿಲ್ಲ, ನನ್ನದೂ ಒರೆಸಿಕೊಳ್ಳಲಿಲ್ಲ. ಅನಿರುದ್ಧ್ ಬಂದ ಮೇಲೆ ಅವಳು ಅಂದದ್ದನ್ನು ಅವನಿಗೂ ಹೇಳಿ ಡಾಕ್ಟರಿಗೂ ಫೋನ್ ಮಾಡಿಸಿದೆ. ಎರಡೂ ಮಾಡಿದೆ.

ಮರುದಿನ ಮಗುವನ್ನು ಮಣ್ಣು ಮಾಡಿದ ಜಾಗಕ್ಕೆ ಮೂವರೂ ಹೋಗಿದ್ದೆವು. ನಾನು ಇದೇ ಮೊದಲ ಸಲ ನೋಡಿದ್ದು. ಅಂಗೈಯಗಲ ಕಲ್ಲು, ಅದರ ಮೇಲೆ "ಬೇಬಿ ಗರ್ಲ್" ಎಂದಿದೆ. ಹೆಸರು ಕೆತ್ತಿಸೋಣವೇ ಎಂದ ಅನಿರುದ್ಧ್. ತೀರ್ಮಾನ ಮಹತಿಯದು.

ಭಾನುವಾರ ನಾನು ವಿಮಾನ ಹತ್ತಬೇಕು. ಇವಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೋಗಬೇಕಾಗಿದೆ. ವೀಸಾದವರಿಗೆ ಬೆಳ್ಳಿ ಒಳಲೆಯ ಕಥೆ ಹೇಳಲಿಕ್ಕಾಗುತ್ತದೆಯೇ?

ಒಂದು ಮಾತು ಉಳಿದಿದೆ. ನಿನಗೆ ಮಕ್ಕಳೆಷ್ಟು ಎಂದು ಕೇಳಿದೆ. ಚುಚ್ಚಿಯೂ ಬರೆದೆ. ಹೋಳಿಗೆಯ ನೆಪದಲ್ಲಿ ಮತ್ತೆ ಕೆದಕಿದೆ. ಒಂದು ಸಲವೂ ನೀನು ಉತ್ತರಿಸಲಿಲ್ಲ. ಎಂಥ ದಡ್ಡಿ ನಾನು, ನನಗೆ ಈಗ ಕಾಣುತ್ತಿದೆ. ಇನ್ನು ಕೇಳುವುದಿಲ್ಲ. ಆದರೆ ಎಲ್ಲರ ಪಕ್ಕದಲ್ಲಿ ಕೂರುತ್ತೀಯಲ್ಲ, ನಿನ್ನ ಪಕ್ಕದಲ್ಲಿ ಯಾರೇ ಕೂರುತ್ತಾರೆ? ಯಾವಾಗಲಾದರೂ ಬರೆಯಬೇಕೆನಿಸಿದರೆ ಬರೆ. ಮೈಸೂರಿನ ವಿಳಾಸ ಕೆಳಗಿದೆ. ನಾನು ಬಿಡ್ತು ಅನ್ನುವುದಿಲ್ಲ.

ನಿನ್ನ ಅಮ್ಮನಂಥ
ಲಲಿತಮ್ಮ


ಆಸ್ಟಿನ್
19 ಅಕ್ಟೋಬರ್ 2008

ಅಮ್ಮಾರಿಗೆ,

ನಿಮ್ಮ ಪತ್ರ ಬಂದು ನಾಲ್ಕು ತಿಂಗಳು ಆಯಿತು. ಕಾಗದ ತೆಗೆಯುತ್ತಿದ್ದೆ, ಇಡುತ್ತಿದ್ದೆ.

ಮಹತಿ ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. ಕೆಲವು ದಿನ ಮಾತಾಡುತ್ತಾಳೆ, ಕೆಲವು ದಿನ ಮಾತೇ ಇಲ್ಲ. ನಾನೂ ಸುಮ್ಮನೆ ಫೋನ್ ಹಿಡಿದುಕೊಂಡು ಕೂಡುತ್ತೇನೆ. ಮೊನ್ನೆ ಮಗಳ ಹುಟ್ಟಿದ ದಿನ ಕಲ್ಲಿನ ಹತ್ತಿರ ಒಬ್ಬಳೇ ಹೋಗಿದ್ದಳಂತೆ, ಹೋಗಿ ಮನೆಗೆ ವಾಪಸ್ ಬಂದಳಂತೆ. ವಾಪಸ್ ಬಂದೆ ಎಂದು ಹೇಳಲಿಕ್ಕೇ ಫೋನ್ ಮಾಡಿದ್ದಳು.

ನನಗೆ ಒಬ್ಬ ಮಗ ಇದ್ದ. ಆರು ವರ್ಷದವನು. ನಮ್ಮವ್ವನ ಹತ್ತಿರ ಗದಗಿನಲ್ಲಿ ಬಿಟ್ಟು ಹ್ಯೂಸ್ಟನ್ನಿಗೆ ಬಂದಿದ್ದೆ, ವರ್ಷದೊಳಗೆ ಕರೆಸಿಕೊಳ್ಳುತ್ತೇನೆ ಎಂದು. ಬಂದ ಚಳಿಗಾಲದಲ್ಲೇ ಜ್ವರ ಬಂದು ಹೋದ. ನನ್ನ ಕಾಗದಪತ್ರ ಇನ್ನೂ ಆಗಿರಲಿಲ್ಲ, ಹೋದರೆ ಮತ್ತೆ ಬಿಡುವುದಿಲ್ಲ ಎಂದರು. ಮಗನ ಮಣ್ಣಿಗೆ ಹೋಗಲಿಲ್ಲ. ಅವತ್ತು ಡ್ಯೂಟಿ ಮಾಡಿದೆ. ಅವ್ವ ಫೋನಿನಲ್ಲಿ "ಮರತಬಿಡವ್ವ, ದೇವರು ಕೊಟ್ಟಿದ್ದ, ದೇವರು ಒಯ್ದ" ಎಂದಳು. ಹೂಂ ಎಂದೆ. ಈ ದೇಶದಲ್ಲಿ ಯಾರಿಗೂ ಅವನ ಹೆಸರು ಗೊತ್ತಿಲ್ಲ ಅಮ್ಮಾರ. ಹೇಳಿದರೆ ಅವರ ಬಾಯಲ್ಲಿ ಅದು ಹೊರಳುವುದೂ ಇಲ್ಲ. ಹತ್ತು ವರ್ಷದಿಂದ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿಲ್ಲ.

ಭೀಮಸೇನ. ಮನೆಯಲ್ಲಿ ಭೀಮೂ ಎಂದು ಕರೆಯುತ್ತಿದ್ದೆವು.

ನಿಮ್ಮ ಪಡಸಾಲೆಯಲ್ಲಿ ಕೂತು ಒಮ್ಮೆ ಗಟ್ಟಿಯಾಗಿ ಕರೀರಿ.

ಶಾಂತವ್ವ